ಮನೆಗೆ ಇಂಟರ್‌ನೆಟ್ ಲೈನ್: ಹಾಕಿಸುವ ಮುಂಚೆ, ಹಾಕಿಸಿದ ಮೇಲೆ



ಕೆಚ್ಚಲುಬಾವು, ಬೆದೆ ಲಕ್ಷಣ, ಖನಿಜ ಮಿಶ್ರಣ ಎಂದು ಓದಿ ಅಭ್ಯಾಸವಾದ ನಿಮಗೆ ಈ ಸಲದ ಪಾಠ ಬೇರೆ ಅನ್ನಿಸಬಹುದು. ಆದರೆ ಪ್ರಶ್ನೆ ಕೇಳಿದವರು ನೀವೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಯಾವ ಕಡೆ ಶಿಬಿರಕ್ಕೆ ಹೋದರೂ ಹಸು ತೋರಿಸಿ ಮುಗಿದ ಮೇಲೆ ಒಬ್ಬರಾದರೂ ಕೇಳುತ್ತೀರಿ: "ಡಾಕ್ಟ್ರೇ, ಮಗಳು ಲ್ಯಾಪ್‌ಟಾಪ್ ತಂದವ್ಳೆ, ಮನೆಗೆ ನೆಟ್ ಹಾಕಿಸ್ಬೇಕಂತೆ. ಯಾವುದು ಹಾಕ್ಸೋದು?" ಅದರ ಹಿಂದೆಯೇ ಪಕ್ಕದಲ್ಲಿ ನಿಂತವರು, "ನೆಟ್ ಹಾಕಿಸಿದ್ರೆ ಬ್ಯಾಂಕಲ್ಲಿರೋ ದುಡ್ಡು ಹೋಗುತ್ತಂತಲ್ಲ?" ಎನ್ನುತ್ತೀರಿ.

ಎರಡೂ ಸರಿಯಾದ ಪ್ರಶ್ನೆಗಳೇ. ಹಾಲಿನ ಬಟವಾಡೆ, ಸರ್ಕಾರದ ಪ್ರೋತ್ಸಾಹಧನ, ಗೃಹಲಕ್ಷ್ಮಿಯ 2,000 ರೂಪಾಯಿ ಎಲ್ಲವೂ ಬೀಳುವುದು ನಿಮ್ಮ ಹೆಸರಿನ ಖಾತೆಗೆ. ಲೈನ್ ಯಾವುದು ಎಂದು ಮಾತಾಡುವುದು ಮಾತ್ರ ಗಂಡಸರು, ಕಂಪ್ಯೂಟರ್ ಮುಂದೆ ಕೂರುವುದು ಮಕ್ಕಳು. ದುಡ್ಡು ಯಾರದ್ದೋ ಅವರೇ ಈ ವಿಷಯವನ್ನು ತಿಳಿದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಕಂಪ್ಯೂಟರ್ ಓದಿದವನಲ್ಲ, ಪಶುವೈದ್ಯ. ಆದರೂ ರೋಗ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದು ಗೊತ್ತಿದ್ದರೆ ಈ ಪಾಠದ ಅರ್ಧ ಗೊತ್ತಿದ್ದಂತೆಯೇ. ಅದು ನಿಮಗೂ ಗೊತ್ತು.

ಮೊದಲು, ಬೇಕೇ?

ಮನೆಯಲ್ಲಿ ಇರುವುದು ಎರಡು ಮೊಬೈಲು, ನೋಡುವುದು ವಾಟ್ಸಾಪು, ಧಾರಾವಾಹಿ, ಕೊಬ್ಬರಿ ಧಾರಣೆ ಅಷ್ಟೇ ಆಗಿದ್ದರೆ ಲೈನ್ ಬೇಕಿಲ್ಲ. ಮೊಬೈಲಿನ ಡೇಟಾ ಸಾಕು. ಪಕ್ಕದ ಮನೆಯವರು ಹಾಕಿಸಿದರು ಎಂದು ಹಾಕಿಸಬೇಡಿ. ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ, ಮಗ ಪರೀಕ್ಷೆಗೆ ಪಾಠ ಕೇಳುತ್ತಾನೆ, ಟಿವಿಯೂ ನೆಟ್‌ನಲ್ಲೇ ಓಡಬೇಕು, ಕೊಟ್ಟಿಗೆಗೆ ಕ್ಯಾಮೆರಾ ಇದೆ ಎನ್ನುವಂತಿದ್ದರೆ ಲೈನ್ ಲಾಭವೇ.

ಅಂಗಡಿಯವರು ಹೇಳುವ 'ಎಂಬಿಪಿಎಸ್', 'ಜಿಬಿ' ಎರಡಕ್ಕೂ ಬೋರ್‌ವೆಲ್ ನೆನಪಿಸಿಕೊಳ್ಳಿ. ಎಂಬಿಪಿಎಸ್ ಎಂದರೆ ಪೈಪಿನ ಇಂಚು. ಜಿಬಿ ಎಂದರೆ ತಿಂಗಳಲ್ಲಿ ಹರಿದ ಒಟ್ಟು ನೀರು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕನಿಷ್ಠ 2 ಎಂಬಿಪಿಎಸ್ ಇದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಎನ್ನಬೇಕು ಎಂದು ನಿಯಮ ಮಾಡಿತು. ಅದಕ್ಕೆ ಮುಂಚೆ ಅರ್ಧ ಎಂಬಿಪಿಎಸ್ ಇದ್ದರೂ ಆ ಹೆಸರು ಸಿಗುತ್ತಿತ್ತು. ನಾಲ್ಕೈದು ಜನರ ಮನೆಗೆ 30 ಎಂಬಿಪಿಎಸ್ ಧಾರಾಳ. 100, 200 ಎಂದು ಆಸೆ ಹುಟ್ಟಿಸಿದರೆ, ಅರ್ಧ ಎಕರೆ ತೋಟಕ್ಕೆ ಆರಿಂಚಿನ ಪೈಪು ಬೇಕೇ ಎಂದು ಕೇಳಿ.

ಒಂದು ಮಾತನ್ನು ಮಾತ್ರ ಮರೆಯದೆ ಕೇಳಿ: "ಇಲ್ಲಿಂದ ಕಳಿಸುವ ವೇಗ ಎಷ್ಟು?" ಬರುವ ವೇಗವನ್ನು ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ಹೋಗುವ ವೇಗವನ್ನು ಹೇಳುವುದೇ ಇಲ್ಲ. ನನಗೆ ಇದರಲ್ಲಿ ಸ್ವಾರ್ಥವೂ ಇದೆ. ರಾತ್ರಿ ಹತ್ತಕ್ಕೆ ಹಸು ಹೊಟ್ಟೆ ಉಬ್ಬರಿಸಿ ನಿಂತಿದೆ, ಅಥವಾ ಕರು ಹಾಕಿ ಎರಡು ದಿನಕ್ಕೆ ಕುತ್ತಿಗೆ ಮಡಚಿ ಮಲಗಿದೆ ಎಂದಾಗ ಒಂದು ನಿಮಿಷದ ವಿಡಿಯೋ ಬಂದರೆ ಯಾವ ಔಷಧ ಹಿಡಿದು ಹೊರಡಬೇಕೆಂದು ತಿಳಿಯುತ್ತದೆ. ಅಂಥ ವಿಡಿಯೋ ಸುಮಾರು 100 ಎಂಬಿ ಇದೆ ಎಂದುಕೊಳ್ಳಿ. ಕಳಿಸುವ ವೇಗ 2 ಎಂಬಿಪಿಎಸ್ ಇದ್ದರೆ ಅದು ಹೋಗಲು ಆರೇಳು ನಿಮಿಷ ಬೇಕು. 30 ಇದ್ದರೆ ಅರ್ಧ ನಿಮಿಷ. ಹಾಲುಜ್ವರದಲ್ಲಿ ಆ ವ್ಯತ್ಯಾಸ ಸಣ್ಣದಲ್ಲ.

ತೆಂಗಿನ ತೋಟದ ಲೈನು

ಪಟ್ಟಣದವರಿಗೆ ಹೇಳುವ ಸಲಹೆ ನಮ್ಮ ಸೀಮೆಗೆ ಹೊಂದುವುದಿಲ್ಲ. ಇಲ್ಲಿ ಲೈನಿನ ದೊಡ್ಡ ಶತ್ರು ತೆಂಗಿನ ಗರಿ.

ಮನೆಗೆ ಇಂಟರ್‌ನೆಟ್ ಬರುವ ದಾರಿ ಈಗ ಮುಖ್ಯವಾಗಿ ಎರಡು. ಒಂದು ಫೈಬರ್, ಅಂದರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವುದು. ಇನ್ನೊಂದು ಟವರಿನಿಂದ ಗಾಳಿಯಲ್ಲಿ ಬಂದು ಮನೆ ಮೇಲಿನ ಡಬ್ಬಿಗೆ ಸೇರುವುದು. ಗಾಳಿಯಲ್ಲಿ ಬರುವುದಕ್ಕೆ ಟವರಿಗೂ ನಿಮ್ಮ ಚಾವಣಿಗೂ ನಡುವೆ ಬಯಲು ಇದ್ದಷ್ಟೂ ಒಳ್ಳೆಯದು. ಸುತ್ತ ಎಪ್ಪತ್ತು, ಎಂಬತ್ತು ಅಡಿ ಎತ್ತರದ ತೆಂಗು ನಿಂತಿದ್ದರೆ ಗರಿಗಳು ಅಲ್ಲಾಡಿದಾಗಲೆಲ್ಲ ಸಿಗ್ನಲ್ ಏರುಪೇರಾಗುತ್ತದೆ. ಮಳೆಯಲ್ಲಿ ನೆನೆದ ಗರಿ ಇನ್ನೂ ಹೆಚ್ಚು ತಡೆಯುತ್ತದೆ. ಬಿಸಿಲಿನಲ್ಲಿ ಬಂದು ಪರೀಕ್ಷಿಸಿ "ಚೆನ್ನಾಗಿ ಬರುತ್ತೆ" ಎನ್ನುತ್ತಾರೆ. ಆಷಾಢದ ಗಾಳಿಯಲ್ಲಿ ಏನಾಗುತ್ತದೆ ಎಂಬುದನ್ನು ಈಗಾಗಲೇ ಹಾಕಿಸಿದ ತೋಟದ ಮನೆಯವರನ್ನೇ ಕೇಳಬೇಕು. ಫೈಬರ್ ಸಿಗುವ ಕಡೆ ಫೈಬರನ್ನೇ ಹಾಕಿಸಿ, ಸಿಗದಿದ್ದರೆ ಮಾತ್ರ ಟವರಿನದು ಎಂಬುದು ನನ್ನ ಸಲಹೆ.

ಫೈಬರ್ ಈಗ ನಾವು ಅಂದುಕೊಂಡಷ್ಟು ದೂರವೂ ಇಲ್ಲ. ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಈಗಿನ ಭಾರತ್‌ನೆಟ್. 2017ರ ಡಿಸೆಂಬರ್‌ನಲ್ಲಿ ಮೊದಲ ಹಂತ ಮುಗಿಯುವ ಹೊತ್ತಿಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಎಳೆ ತಲುಪಿತ್ತು. ನಿಮ್ಮ ಪಂಚಾಯಿತಿ ಕಚೇರಿಗೆ ಯಾವ ಲೈನ್ ಬಂದಿದೆ, ಅಲ್ಲಿಂದ ಮನೆಗಳಿಗೆ ಕೊಡುತ್ತಾರೆಯೇ ಎಂದು ಮೊದಲು ವಿಚಾರಿಸಿ. ಬಿಎಸ್‌ಎನ್‌ಎಲ್ ಆಗಲಿ, ಖಾಸಗಿಯವರಾಗಲಿ, ಹಳ್ಳಿಯಲ್ಲಿ ಕೊನೆಯ ಕಂಬದಿಂದ ನಿಮ್ಮ ಮನೆಗೆ ಎಳೆಯುವವರು ಹೆಚ್ಚಾಗಿ ಊರಿನ ಕೇಬಲ್‌ನವರೇ. ಹಾಗಾಗಿ ಕಂಪನಿಯ ಹೆಸರಿಗಿಂತ ಆ ಹುಡುಗ ಕರೆದರೆ ಬರುತ್ತಾನೆಯೇ ಎಂಬುದು ಮುಖ್ಯ. ಅದೇ ಕಂಬದಿಂದ ಲೈನ್ ಪಡೆದ ಇಬ್ಬರು ಮೂವರನ್ನು, "ಹೋದ ಮಳೆಗಾಲದಲ್ಲಿ ಎಷ್ಟು ದಿನ ನಿಂತಿತ್ತು?" ಎಂದು ಕೇಳಿ. ಹಸು ಕೊಳ್ಳುವಾಗ ಪಕ್ಕದ ಮನೆಯವರನ್ನು ಹಾಲಿನ ಲೆಕ್ಕ ಕೇಳುವುದಿಲ್ಲವೇ, ಹಾಗೆ.

ತೋಟದ ಮನೆಯವರು ಕಂಬದಿಂದ ಮನೆಗಿರುವ ದೂರವನ್ನು ಅಳೆಸಿ, ಹೆಚ್ಚುವರಿ ವೈರಿಗೆ ಮೀಟರಿಗೆ ಎಷ್ಟು ಎಂದು ಮುಂಚೆಯೇ ಮಾತಾಡಿಕೊಳ್ಳಿ. ವೈರನ್ನು ಮರದಿಂದ ಮರಕ್ಕೆ ಕಟ್ಟಲು ಬಿಡಬೇಡಿ. ಒಣಗರಿ ಒಂದು ಬಿದ್ದರೂ ಸಾಕು. ಕಾಯಿ ಕೀಳುವ ದಿನ ಗೊನೆ ಬಿದ್ದರೆ ಕೇಳುವುದೇ ಬೇಡ. ಸಾಧ್ಯವಾದಷ್ಟು ಬದುವಿನ ಪಕ್ಕ, ಕಂಬ ನೆಟ್ಟು ತರಿಸಿ. ನೆಲದೊಳಗೆ ತರುವುದಾದರೆ ಪೈಪಿನೊಳಗೆ ಹಾಕಿಸಿ, ಎಲ್ಲಿ ಹೋಗಿದೆ ಎಂದು ಗುರುತು ಇಡಿ. ಇಲ್ಲದಿದ್ದರೆ ಟ್ರಾಕ್ಟರಿನ ನೇಗಿಲಿಗೆ ಸಿಗುತ್ತದೆ. ಮನೆಯೊಳಗೆ ಆ ವೈರನ್ನು ಮೂಲೆಯಲ್ಲಿ ಗಟ್ಟಿಯಾಗಿ ಮಡಚಬಾರದು. ಒಳಗಿರುವುದು ಗಾಜು.

ಲೈನ್ ನಿಂತಾಗ ಪೆಟ್ಟಿಗೆಯ ದೀಪ ನೋಡಿ. 'ಎಲ್‌ಒಎಸ್' ಎಂದು ಬರೆದ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಹೊರಗೆ ಎಲ್ಲೋ ವೈರು ತುಂಡಾಗಿದೆ ಅಥವಾ ಕಳಚಿದೆ ಎಂದರ್ಥ. ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ, ಫೋನ್ ಮಾಡಿ ಕೆಂಪು ದೀಪ ಉರಿಯುತ್ತಿದೆ ಎಂದೇ ಹೇಳಿ. ಆ ಒಂದು ಮಾತಿನಿಂದ ನಿಮಗೆ ವಿಷಯ ಗೊತ್ತಿದೆ ಎಂದು ಅವರಿಗೆ ಅರ್ಥವಾಗುತ್ತದೆ.

ಸಿಡಿಲಿನ ಮಾತು. ಗಾಜಿನೆಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಹಳೆಯ ತಾಮ್ರದ ಟೆಲಿಫೋನ್ ತಂತಿಗಿಂತ ಇದು ಆ ಮಟ್ಟಿಗೆ ಕ್ಷೇಮ. ಆದರೆ ಪೆಟ್ಟಿಗೆ ಓಡುವುದು ಮನೆಯ ಕರೆಂಟಿನಲ್ಲಿ. ಕೆಲವು ವೈರುಗಳಲ್ಲಿ ಎಳೆಯ ಜೊತೆ ಬಲಕ್ಕೆಂದು ಉಕ್ಕಿನ ತಂತಿಯೂ ಇರುತ್ತದೆ. ಭರಣಿ, ಕೃತ್ತಿಕೆಯ ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕಿತ್ತುಬಿಡಿ. ತಲೆಯ ಮೇಲೆ ಮಿಂಚುವಾಗ ಕೀಳಲು ಹೋಗಬೇಡಿ. ಇನ್ನು ಪಂಪ್‌ಸೆಟ್ ಲೈನಿನಲ್ಲೇ ಇರುವ ತೋಟದ ಮನೆಗಳಿಗೆ ಕರೆಂಟು ಬಂದಾಗ ಮಾತ್ರ ನೆಟ್. ಪೆಟ್ಟಿಗೆಗೆಂದೇ ಸಣ್ಣ 12 ವೋಲ್ಟಿನ ಯುಪಿಎಸ್ ಸಿಗುತ್ತದೆ. ಮಗಳ ಕೆಲಸ ಮನೆಯಿಂದಲೇ ಆಗುವುದಾದರೆ ಅದಕ್ಕೆ ಖರ್ಚು ಮಾಡಿದ ದುಡ್ಡು ವ್ಯರ್ಥವಲ್ಲ.

ಲೀಟರಿನಲ್ಲಿ ಲೆಕ್ಕ

ತಿಂಗಳಿಗೆ 500 ರೂಪಾಯಿ ಎಂದು ಹೇಳಿದರೆ ಅದು 500 ಅಲ್ಲ. ಶೇ. 18 ಜಿಎಸ್‌ಟಿ ಸೇರಿ 590. ನಿಮಗೆ ಲೀಟರಿಗೆ 35 ರೂಪಾಯಿ ಸಿಗುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ತಿಂಗಳಿಗೆ ಸುಮಾರು 17 ಲೀಟರ್ ಹಾಲು. ಮೇವು, ಹಿಂಡಿ ಕಳೆದು ಉಳಿಯುವ ದುಡ್ಡಿನಲ್ಲಿ ನೋಡಿದರೆ ಇನ್ನೂ ಹೆಚ್ಚು. ಅಷ್ಟು ಕೊಡುವವರಿಗೆ ನಾಲ್ಕು ಪ್ರಶ್ನೆ ಕೇಳುವ ಹಕ್ಕಿದೆ. ಪೆಟ್ಟಿಗೆ ನಮ್ಮದೋ ನಿಮ್ಮದೋ, ಡೆಪಾಸಿಟ್ ವಾಪಸ್ ಬರುತ್ತದೆಯೋ, ಆರು ತಿಂಗಳ ಮೇಲೆ ದರ ಏರುತ್ತದೆಯೋ, ಎಷ್ಟು ಜಿಬಿ ಆದಮೇಲೆ ವೇಗ ಇಳಿಯುತ್ತದೆ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದು ಆಸೆ ತೋರಿಸಿದರೂ ಮೊದಲ ಮಳೆಗಾಲ ಕಳೆಯುವವರೆಗೆ ತಿಂಗಳು ತಿಂಗಳೇ ಕಟ್ಟಿ. ಸಂಪರ್ಕವನ್ನು ನಿಮ್ಮ ಹೆಸರಿನಲ್ಲೇ ಮಾಡಿಸಿ, ರಸೀದಿ ಪಡೆಯಿರಿ. ಆಧಾರ್ ಜೆರಾಕ್ಸ್ ಕೊಡುವಾಗ ಅದರ ಮೇಲೆ ಯಾವುದಕ್ಕೆ ಕೊಟ್ಟದ್ದು ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ.

ಬೆಂಕಿ ತಡೆಯುವ ಗೋಡೆ

ಈಗ ಎರಡನೇ ಪ್ರಶ್ನೆ. ಲೈನ್ ಬಂದ ದಿನ ನಿಮ್ಮ ಮನೆಗೆ ಒಂದು ಹೊಸ ದಾರಿ ತೆರೆದಂತೆ. ಆ ದಾರಿ ಎರಡೂ ಕಡೆಗೆ. ನೀವು ಹೊರಗೆ ಹೋಗಬಹುದು, ಹೊರಗಿನವರು ಬಂದು ಬಾಗಿಲು ತಟ್ಟಬಹುದು. ಒಂದು ಕಂಪ್ಯೂಟರಿಗೆ ಇಂಥ 65 ಸಾವಿರಕ್ಕೂ ಹೆಚ್ಚು ಬಾಗಿಲುಗಳಿವೆ, ಪೋರ್ಟ್ ಎನ್ನುತ್ತಾರೆ. ಯಾವ ಬಾಗಿಲು ತೆರೆದಿದೆ ಎಂದು ಹಗಲು ರಾತ್ರಿ ತಟ್ಟಿ ನೋಡುವ ಯಂತ್ರಗಳು ಲೋಕದ ತುಂಬ ಓಡುತ್ತಲೇ ಇರುತ್ತವೆ. ಅವಕ್ಕೆ ನೀವು ಯಾರೆಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನೊಣಕ್ಕೆ ಯಾವ ಮನೆಯ ಹಾಲಿನ ಕ್ಯಾನು ಎಂಬುದು ಬೇಕೇ?

ಅದನ್ನು ತಡೆಯುವುದೇ ಫೈರ್‌ವಾಲ್. ಹೆಸರಿನ ಅರ್ಥ ಬೆಂಕಿ ತಡೆಯುವ ಗೋಡೆ. ನಾವು ರಾಗಿಹುಲ್ಲಿನ ಬಣವೆಯನ್ನು ಮನೆಗೂ ಕೊಟ್ಟಿಗೆಗೂ ತಾಗಿಸಿ ಒಟ್ಟುವುದಿಲ್ಲ. ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಾದರೂ ಉಳಿಯಲಿ ಎಂದು ಜಾಗ ಬಿಡುತ್ತೇವೆ. ಅದೇ ಯೋಚನೆ. ನಿಮ್ಮ ಮನೆಯಲ್ಲಿ ಇದು ಎರಡು ಕಡೆ ಇರುತ್ತದೆ. ಒಂದು, ಗೋಡೆಗೆ ಹಾಕಿದ ಪೆಟ್ಟಿಗೆಯಲ್ಲಿ, ಅಂದರೆ ರೂಟರಿನಲ್ಲಿ. ಮನೆಯೊಳಗಿನವರು ಕೇಳಿದ್ದಕ್ಕೆ ಬಂದ ಉತ್ತರವನ್ನು ಅದು ಒಳಗೆ ಬಿಡುತ್ತದೆ, ಕೇಳದೆ ಬಂದದ್ದನ್ನು ಹೊರಗೇ ನಿಲ್ಲಿಸುತ್ತದೆ. ನೀವು ಕರೆಸಿದ ಡಾಕ್ಟರು ಕೊಟ್ಟಿಗೆಗೆ ಬರುತ್ತಾರೆ, ಕರೆಯದೆ ಬಂದ ದಲ್ಲಾಳಿ ಗೇಟಿನಲ್ಲೇ ನಿಲ್ಲುತ್ತಾನೆ. ಇನ್ನೊಂದು, ಕಂಪ್ಯೂಟರಿನ ಒಳಗೇ. ವಿಂಡೋಸ್ ಇರುವ ಲ್ಯಾಪ್‌ಟಾಪಿಗೆ ಇದು ಅದರ ಜೊತೆಗೇ ಬಂದಿರುತ್ತದೆ, ಬೇರೆ ಕೊಳ್ಳಬೇಕಿಲ್ಲ.

ಎರಡು ಯಾಕೆ ಎಂದರೆ, ಒಂದು ನಿಜವಾದ ಘಟನೆ ಹೇಳುತ್ತೇನೆ. 2017ರ ಮೇ 12ರಂದು 'ವಾನಾಕ್ರೈ' ಎಂಬ ಪಿಡುಗು ಲೋಕದಾದ್ಯಂತ ಹಬ್ಬಿತು. ಅದು ಹೊಕ್ಕ ಕಂಪ್ಯೂಟರಿನ ಕಡತಗಳಿಗೆಲ್ಲ ಬೀಗ ಬೀಳುತ್ತಿತ್ತು, ಬಿಡಿಸಲು 300 ಡಾಲರ್ ಕೇಳುವ ಚೀಟಿ ಪರದೆಯ ಮೇಲೆ ಬರುತ್ತಿತ್ತು. ಬ್ರಿಟನ್ನಿನ ದೊಡ್ಡ ಆಸ್ಪತ್ರೆಗಳು ಸಿಕ್ಕಿಬಿದ್ದದ್ದು ಸುದ್ದಿಯಾಯಿತು. ಆದರೆ ನಮ್ಮ ಮಗ್ಗುಲಿನ ಕೇರಳದ ವಯನಾಡು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳಿಗೂ ಅದು ತಗುಲಿತ್ತು. ಹಳ್ಳಿ ಕಚೇರಿ ಯಾರಿಗೆ ಬೇಕು ಎಂಬ ಮಾತು ಅಲ್ಲಿಗೆ ಮುಗಿಯಿತು. ಇದು ಹಬ್ಬಲು ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ. 445ನೇ ಬಾಗಿಲು ತೆರೆದಿದ್ದರೆ ಪಕ್ಕದ ಕಂಪ್ಯೂಟರಿನಿಂದ ತಾನೇ ದಾಟುತ್ತಿತ್ತು, ಕಾಲುಬಾಯಿ ಜ್ವರ ಒಂದು ಗೊಂತಿನಿಂದ ಪಕ್ಕದ ಗೊಂತಿಗೆ ದಾಟಿದ ಹಾಗೆ. ಮನೆಯ ಹೊರಬೇಲಿ ಎಷ್ಟೇ ಗಟ್ಟಿ ಇದ್ದರೂ ಒಳಗಿನ ಒಂದು ಹಸುವಿಗೆ ಬಂದ ಮೇಲೆ ಗೊಂತಿಗೊಂದು ಅಡ್ಡ ಗೋಡೆ ಇಲ್ಲದಿದ್ದರೆ ಕಷ್ಟ. ಕಂಪ್ಯೂಟರಿನೊಳಗಿನ ಫೈರ್‌ವಾಲ್ ಆ ಅಡ್ಡ ಗೋಡೆ.

ಇದರಲ್ಲಿ ನನ್ನ ಮನಸ್ಸಿಗೆ ನಾಟಿದ ವಿಷಯ ಇನ್ನೊಂದು. ಆ ರೋಗಕ್ಕೆ ಲಸಿಕೆ ಮುಂಚೆಯೇ ಬಂದಿತ್ತು. ಮೈಕ್ರೋಸಾಫ್ಟ್ ಕಂಪನಿ ಮಾರ್ಚ್ 14ರಂದೇ, ಅಂದರೆ ಎರಡು ತಿಂಗಳು ಮೊದಲೇ, ಆ ದೋಷ ಮುಚ್ಚುವ ಅಪ್‌ಡೇಟ್ ಕಳಿಸಿತ್ತು. ಹಾಕಿಕೊಂಡ ಕಂಪ್ಯೂಟರುಗಳಿಗೆ ಅದು ಹೀಗೆ ದಾಟಿ ಬರಲು ಆಗಲಿಲ್ಲ. "ಹಾಲು ಕಮ್ಮಿ ಆಗುತ್ತೆ, ಈ ಸಲ ಬೇಡ ಡಾಕ್ಟ್ರೇ" ಎಂದು ಕಾಲುಬಾಯಿ ಲಸಿಕೆಗೆ ಹಸುವನ್ನು ಹಿಂದೆ ಕಟ್ಟಿ ಬಚ್ಚಿಡುವವರು ಇದ್ದಾರಲ್ಲ, ಅಪ್‌ಡೇಟ್ ಬಂದಾಗ "ಆಮೇಲೆ" ಎಂದು ಒತ್ತುವವರೂ ಅವರ ಹಾಗೆಯೇ. ಪ್ರತಿ ತಿಂಗಳ ಎರಡನೇ ಮಂಗಳವಾರ ಹೊಸ ಅಪ್‌ಡೇಟ್ ಬಿಡುಗಡೆಯಾಗುತ್ತದೆ. ನಮ್ಮಲ್ಲಿ ಬುಧವಾರ ಬೆಳಗ್ಗೆ ಎಂದುಕೊಳ್ಳಿ. ಆ ವಾರ ಒಂದು ರಾತ್ರಿ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ, ಹಾಕಿಕೊಳ್ಳಲಿ ಬಿಡಿ.

ಮಕ್ಕಳ ಪಕ್ಕ ಕೂತು ನೋಡಬೇಕಾದ್ದು

ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ 'ವಿಂಡೋಸ್ ಸೆಕ್ಯುರಿಟಿ' ತೆರೆಸಿ. ಅದರಲ್ಲಿ 'ಫೈರ್‌ವಾಲ್ ಅಂಡ್ ನೆಟ್‌ವರ್ಕ್ ಪ್ರೊಟೆಕ್ಷನ್' ಎಂಬ ಪುಟ ಇದೆ. ಮೂರು ಸಾಲು ಇರುತ್ತವೆ, ಮೂರಕ್ಕೂ ಹಸಿರು ಗುರುತು ಇರಬೇಕು. ಅಷ್ಟೇ ಪರೀಕ್ಷೆ. ಹೊಸ ವೈಫೈಗೆ ಸೇರಿದಾಗ ಇದು 'ಪಬ್ಲಿಕ್ಕೋ ಪ್ರೈವೇಟೋ' ಎಂದು ಆಯ್ಕೆ ಕೇಳಿದರೆ ಬಸ್‌ಸ್ಟ್ಯಾಂಡು, ಹಾಸ್ಟೆಲು, ನೆಂಟರ ಮನೆ ಎಲ್ಲಕ್ಕೂ ಪಬ್ಲಿಕ್ ಎಂದೇ ಕೊಡಬೇಕು. ನಮ್ಮ ಮನೆಗೂ ಅದನ್ನೇ ಕೊಟ್ಟರೆ ನಷ್ಟವಿಲ್ಲ. ಯಾವುದೋ ಕಾರ್ಯಕ್ರಮ 'ಅಲೋ ಆಕ್ಸೆಸ್' ಎಂದು ಅಪ್ಪಣೆ ಕೇಳಿದರೆ, ಅದು ಏನೆಂದು ಮಕ್ಕಳಿಗೆ ಹೇಳಲು ಬಾರದಿದ್ದರೆ 'ಕ್ಯಾನ್ಸಲ್' ಒತ್ತಿಸಿ.

ಹಳೆಯ ಲ್ಯಾಪ್‌ಟಾಪ್ ತರುವವರಿಗೆ ಒಂದು ಎಚ್ಚರಿಕೆ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದಲೋ ಪರಿಚಯದವರಿಂದಲೋ ಕಡಿಮೆ ಬೆಲೆಗೆ ತಂದಾಗ ಯಾವ ವಿಂಡೋಸ್ ಎಂದು ಕೇಳಿ. ವಿಂಡೋಸ್ 7ಕ್ಕೆ ಲಸಿಕೆ 2020ರ ಜನವರಿ 14ಕ್ಕೇ ನಿಂತಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕದ್ದ ವಿಂಡೋಸ್ ಹಾಕಿ ಕೊಡುವವರು ಅದನ್ನು ನಡೆಸಲು ರಕ್ಷಣೆಯನ್ನೇ ಆಫ್ ಮಾಡಿರುತ್ತಾರೆ. ಸಂತೆಯಿಂದ ತಂದ ಹಸುವನ್ನು ಮೂರು ವಾರ ಬೇರೆ ಕಟ್ಟಿ ಎಂದು ನಾನು ಹೇಳುವುದು ನಿಮಗೆ ನೆನಪಿದೆ. ಹಳೆಯ ಲ್ಯಾಪ್‌ಟಾಪನ್ನು ಮನೆಯ ವೈಫೈಗೆ ಸೇರಿಸುವ ಮುಂಚೆ ಪೂರ್ತಿ ಅಳಿಸಿ ಹೊಸದಾಗಿ ಹಾಕಿಸಿ.

ರೂಟರಿನ ಕೆಲಸ ಒಂದೇ ದಿನದ್ದು, ಲೈನ್ ಹಾಕಲು ಬಂದ ಹುಡುಗನಿಂದಲೇ ಮಾಡಿಸಿಕೊಳ್ಳಿ. ರೂಟರಿಗೆ ಎರಡು ಪಾಸ್‌ವರ್ಡ್ ಇವೆ. ಒಂದು ವೈಫೈಗೆ, ಇನ್ನೊಂದು ಪೆಟ್ಟಿಗೆಯ ಒಳಗಿನ ಸೆಟ್ಟಿಂಗ್‌ಗೆ. ಎರಡನೆಯದು 'ಅಡ್ಮಿನ್' ಎಂದೇ ಉಳಿದಿರುವ ಮನೆಗಳೇ ಹೆಚ್ಚು. ಎರಡನ್ನೂ ಬದಲಾಯಿಸಿ. ವೈಫೈಗೆ ಮೊಬೈಲ್ ನಂಬರನ್ನೇ ಇಡುವ ಅಭ್ಯಾಸ ನಮ್ಮ ಕಡೆ ಇದೆ, ಊರಿಗೆಲ್ಲ ಗೊತ್ತಿರುವ ನಂಬರು ಬೀಗವಾದೀತೇ? ನಿಮಗೆ ಮಾತ್ರ ನೆನಪಿರುವ ಎರಡು ಮೂರು ಕನ್ನಡ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಉದ್ದಕ್ಕೆ ಬರೆಸಿ, ನಡುವೆ ಅಂಕಿ ಸೇರಿಸಿ. ಹಸುವಿನ ಹೆಸರು ಒಂದೇ ಆದರೆ ಸಾಲದು, ಅದು ಹಾಲು ಹಾಕಲು ಬರುವವರಿಗೆಲ್ಲ ಗೊತ್ತು. ಅಕ್ಕಪಕ್ಕದ ಮಕ್ಕಳು ವೈಫೈ ಕೇಳಿದರೆ ಇಲ್ಲ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಅದಕ್ಕೆ 'ಗೆಸ್ಟ್' ಎಂಬ ಬೇರೆ ವೈಫೈ ಹಾಕಿಸಿ, ಅದರ ಪಾಸ್‌ವರ್ಡ್ ಕೊಡಿ. ಒಳಮನೆಗೆ ಬಿಡದೆ ಜಗಲಿಯಲ್ಲಿ ಕೂರಿಸಿದ ಹಾಗೆ. ಆದರೂ ನಿಮ್ಮ ಲೈನಿನಲ್ಲಿ ಯಾರು ಏನು ಮಾಡಿದರೂ ವಿಚಾರಣೆ ಮೊದಲು ಬರುವುದು ನಿಮ್ಮ ಹೆಸರಿಗೆ ಎಂಬುದು ತಲೆಯಲ್ಲಿರಲಿ.

ಕೊಟ್ಟಿಗೆಯ ಕ್ಯಾಮೆರಾ

ಕರು ಹಾಕುವ ಹಸುವನ್ನು ರಾತ್ರಿ ಎದ್ದು ಎದ್ದು ನೋಡುವ ಬದಲು ಕ್ಯಾಮೆರಾ ಹಾಕಿಸಿದವರು ಈಗ ಅನೇಕರು. ಒಳ್ಳೆಯದೇ. ಆದರೆ ಕ್ಯಾಮೆರಾವೂ ಒಂದು ಸಣ್ಣ ಕಂಪ್ಯೂಟರು ಎಂದು ಯಾರೂ ಹೇಳುವುದಿಲ್ಲ. 2016ರಲ್ಲಿ 'ಮಿರಾಯ್' ಎಂಬುದು ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡನ್ನು ಬದಲಾಯಿಸದ ಇಂಥ ಕ್ಯಾಮೆರಾ, ರೂಟರುಗಳನ್ನು ಲಕ್ಷಗಟ್ಟಲೆ ವಶ ಮಾಡಿಕೊಂಡಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಅವುಗಳಿಂದಲೇ ದಾಳಿ ನಡೆದು ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ನಿಂತವು. ಕ್ಯಾಮೆರಾದ ಮಾಲೀಕರಿಗೆ ಏನೂ ಗೊತ್ತಾಗಲಿಲ್ಲ. ನಮಗೆ ಅಮೆರಿಕದ ಚಿಂತೆ ಬೇಡ. ಕೊಟ್ಟಿಗೆಯಲ್ಲಿ ಬೆಳಗಿನ ಜಾವ ಒಬ್ಬರೇ ಹಾಲು ಕರೆಯುವವರು ನೀವು. ಆ ಚಿತ್ರ ಯಾರ ಮೊಬೈಲಿಗೂ ಹೋಗಬಾರದು. ಕ್ಯಾಮೆರಾ ಹಾಕಿದವನ ಎದುರಿಗೇ ಪಾಸ್‌ವರ್ಡ್ ಬದಲಾಯಿಸಿ, ಅವನ ಮೊಬೈಲಿನಿಂದ ನಿಮ್ಮ ಕ್ಯಾಮೆರಾವನ್ನು ತೆಗೆಸಿ. ರೂಟರಿನಲ್ಲಿ 'ಯುಪಿಎನ್‌ಪಿ' ಎಂಬುದನ್ನು ಆಫ್ ಮಾಡಿಸಿ. ಅದು ಆನ್ ಇದ್ದರೆ ಕ್ಯಾಮೆರಾದಂಥ ಸಾಮಾನುಗಳು ನಿಮ್ಮನ್ನು ಕೇಳದೆ ಒಳಗಿನಿಂದಲೇ ಚಿಲಕ ತೆಗೆಯಬಹುದು. ಕ್ಯಾಮೆರಾವನ್ನು ಹಸುವಿನ ಕಡೆಗೆ ತಿರುಗಿಸಿ, ಮನೆಯ ಹಿತ್ತಿಲ ಕಡೆಗಲ್ಲ.

ಒಳಗಿನಿಂದ ಚಿಲಕ ತೆಗೆದರೆ

ಇಷ್ಟೆಲ್ಲ ಮಾಡಿದ ಮನೆಯಲ್ಲೂ ದುಡ್ಡು ಹೋಗಿದೆ. ಯಾಕೆಂದರೆ ಬೇಲಿ ತಡೆಯುವುದು ಕರೆಯದೆ ಬಂದವರನ್ನು. ನಾವೇ ಕರೆದು ಒಳಗೆ ಬಿಟ್ಟವರನ್ನು ಅದು ತಡೆಯುವುದಿಲ್ಲ. ತೋಟಕ್ಕೆ ತಂತಿಬೇಲಿ ಇದ್ದರೂ ಕಾಲುಬಾಯಿ ಜ್ವರ ನಮ್ಮ ಚಪ್ಪಲಿಗೆ ಅಂಟಿಕೊಂಡೇ ಕೊಟ್ಟಿಗೆಗೆ ಬರುತ್ತದಲ್ಲ, ಹಾಗೆ.

ನನಗೆ ಗೊತ್ತಿರುವ ಒಬ್ಬ ತಾಯಿಯ ಮನೆಯಲ್ಲಿ ನಡೆದದ್ದು ಹೀಗೆ. ಮಗ ಲ್ಯಾಪ್‌ಟಾಪಿನಲ್ಲಿ ಸಿನಿಮಾ ಹುಡುಕುತ್ತಿದ್ದಾಗ ಪರದೆ ತುಂಬ ಕೆಂಪು ಚೀಟಿ ಬಂತು: ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ. ಮಾಡಿದ. ಆ ಕಡೆಯವನು ಸಮಾಧಾನವಾಗಿ ಮಾತಾಡಿ, ದೂರದಿಂದಲೇ ರಿಪೇರಿ ಮಾಡುತ್ತೇನೆ ಎಂದು ಒಂದು ಕಾರ್ಯಕ್ರಮ ಹಾಕಿಸಿದ. ಆಮೇಲೆ ರಿಪೇರಿಗೆ ಹತ್ತು ರೂಪಾಯಿ ಕಟ್ಟಿ ಎಂದ. ಹುಡುಗ ಅಮ್ಮನ ಖಾತೆಯ ವಿವರ ಹಾಕಿ, ಅಮ್ಮನ ಮೊಬೈಲಿಗೆ ಬಂದ ಒಟಿಪಿ ಒತ್ತಿದ. ಮೇವು ಕತ್ತರಿಸುವ ಯಂತ್ರಕ್ಕೆಂದು ಎರಡು ವರ್ಷ ಉಳಿಸಿದ್ದ ಹಾಲಿನ ದುಡ್ಡು ಹತ್ತು ನಿಮಿಷದಲ್ಲಿ ಹೋಯಿತು. ಫೈರ್‌ವಾಲಿಗೆ ಹಸಿರು ಗುರುತೇ ಇತ್ತು. ಆಕೆ ಮಗನಿಗೆ ಬೈದದ್ದಕ್ಕಿಂತ ಹೆಚ್ಚಾಗಿ ಯಾರಿಗೂ ಹೇಳದೆ ನಾಲ್ಕು ದಿನ ಸುಮ್ಮನಿದ್ದರು. ಆ ನಾಲ್ಕು ದಿನವೇ ದೊಡ್ಡ ನಷ್ಟ.

ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಇದ್ದರೆ ಸುಳ್ಳು ಎಂದೇ ತಿಳಿಯಿರಿ, ಲ್ಯಾಪ್‌ಟಾಪಿನ ಗುಂಡಿ ಒತ್ತಿ ಹಿಡಿದು ಆಫ್ ಮಾಡಿಸಿ. ದೂರದಿಂದ ಪರದೆ ನೋಡುವ ಎನಿಡೆಸ್ಕ್‌ನಂಥ ಕಾರ್ಯಕ್ರಮಗಳು ಸ್ವತಃ ಕೆಟ್ಟವಲ್ಲ, ಕಂಪನಿಗಳು ದಿನವೂ ಬಳಸುತ್ತವೆ. ಆದರೆ ಅದನ್ನು ಬಳಸಿ ಖಾತೆ ದೋಚುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಮೊಬೈಲಿನಲ್ಲಿ ಇದೇ ಕೆಲಸ ಮಾಡುವುದು 'ಎಪಿಕೆ' ಎಂದು ಕೊನೆಯಾಗುವ ಕಡತ. ಪಿಎಂ ಕಿಸಾನ್ ಕಂತು, ವಾಹನದ ದಂಡ, ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುತ್ತದೆ. ಮದುವೆ ಕರೆಯೋಲೆ ಚಿತ್ರವಾಗಿ ಬರುತ್ತದೆ, ವಿಡಿಯೋ ಆಗಿ ಬರುತ್ತದೆ, ಎಪಿಕೆ ಆಗಿ ಬರುವುದಿಲ್ಲ. ನೆಂಟರ ನಂಬರಿನಿಂದಲೇ ಬಂದರೂ ಒತ್ತಬೇಡಿ, ಅವರ ಮೊಬೈಲು ಆಗಲೇ ಕಾಯಿಲೆ ಬಿದ್ದಿರಬಹುದು.

ಒಟಿಪಿ ವಿಷಯದಲ್ಲಿ ನಿಮಗೊಂದು ಗೊಂದಲ ಇದೆ, ಅದಕ್ಕೆ ನಮ್ಮ ಇಲಾಖೆಯ ಕೆಲಸವೂ ಸ್ವಲ್ಪ ಕಾರಣ. ಹಸುವಿನ ಕಿವಿಗೆ 12 ಅಂಕಿಯ ಓಲೆ ಹಾಕಿ ಭಾರತ್ ಪಶುಧನ್‌ನಲ್ಲಿ ನೋಂದಾಯಿಸುವಾಗ ನಿಮ್ಮ ಮೊಬೈಲಿಗೆ ಒಟಿಪಿ ಬರುತ್ತದೆ, ನಾವು ಕೇಳುತ್ತೇವೆ. ಹೇಳಿ ಹೇಳಿ ಅಭ್ಯಾಸವಾಗಿದೆ. ಇನ್ನು ಮೇಲೆ ಹೀಗೆ ಮಾಡಿ: ಸಂದೇಶವನ್ನು ಪೂರ್ತಿ ಓದಿ ಅಥವಾ ಓದಿಸಿ. ಅದರಲ್ಲಿ ರೂಪಾಯಿ ಎಂಬ ಮಾತು, ಬ್ಯಾಂಕಿನ ಹೆಸರು ಇದ್ದರೆ ಎದುರಿಗೆ ನಿಂತವರು ನಾನೇ ಆಗಿದ್ದರೂ ಹೇಳಬೇಡಿ. ಮಕ್ಕಳಿಗೂ ಹೇಳಬೇಡಿ. ಮಗಳ ಕಂಪ್ಯೂಟರಿಗೂ ನಿಮ್ಮ ಬಟವಾಡೆ ಖಾತೆಗೂ ಬಣವೆ ಮತ್ತು ಮನೆಯ ನಡುವಿನಷ್ಟು ಜಾಗ ಇರಲಿ. ನೆಟ್‌ನಲ್ಲಿ ಸಾಮಾನು ಕೊಳ್ಳಲೇಬೇಕೆಂದರೆ ಅದಕ್ಕೆ ಬೇರೆ ಸಣ್ಣ ಖಾತೆ ಇಟ್ಟು ಬೇಕಾದಷ್ಟೇ ದುಡ್ಡು ಹಾಕಿ.

ಸಂಘದ ಕಂಪ್ಯೂಟರಿಗೂ ಇದೆಲ್ಲ ಅನ್ವಯಿಸುತ್ತದೆ. ಹಾಲಿನ ಅಳತೆ, ಫ್ಯಾಟು, ಸದಸ್ಯರ ಖಾತೆ ಸಂಖ್ಯೆ ಎಲ್ಲ ಅದರಲ್ಲಿದೆ. ಅದರಲ್ಲಿ ಸಿನಿಮಾ, ಆಟ ಬೇಡ. ವಾರಕ್ಕೊಮ್ಮೆ ಲೆಕ್ಕವನ್ನು ಪೆನ್‌ಡ್ರೈವಿಗೆ ಇಳಿಸಿ, ಇಳಿಸಿದ ಮೇಲೆ ಕಿತ್ತು ಬೀರುವಿನಲ್ಲಿ ಇಡಬೇಕು. ಚುಚ್ಚಿಯೇ ಇಟ್ಟರೆ ಬೀಗ ಬೀಳುವಾಗ ಅದಕ್ಕೂ ಬೀಳುತ್ತದೆ. ಮುಂದಿನ ಸಭೆಯಲ್ಲಿ ಕಾರ್ಯದರ್ಶಿಯವರನ್ನು ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ.

ದುಡ್ಡು ಹೋದರೆ

ಯಾರಿಗೆ ಬೈಯುವುದು ಎಂದು ಯೋಚಿಸುತ್ತ ಕೂರಬೇಡಿ. ಮೊದಲು ರೂಟರಿನ ಪ್ಲಗ್ ಕೀಳಿ, ಮೊಬೈಲಿನ ಡೇಟಾ ಆಫ್ ಮಾಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ದೇಶಕ್ಕೆಲ್ಲ ಒಂದೇ ನಂಬರು, ದುಡ್ಡಿನ ಮೋಸಕ್ಕೆಂದೇ ಇರುವುದು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಡೆ ಹಾಕಿಸಲು ಅವರಿಂದ ಸಾಧ್ಯ. ಗಂಟೆ ಕಳೆದಷ್ಟೂ ಸಾಧ್ಯತೆ ಕಡಿಮೆ. ಅದರ ಹಿಂದೆಯೇ ಬ್ಯಾಂಕಿಗೆ ತಿಳಿಸಿ ಖಾತೆ ನಿಲ್ಲಿಸಿ. ಬಂದ ಸಂದೇಶ ಯಾವುದನ್ನೂ ಅಳಿಸಬೇಡಿ. ತುಮಕೂರಿನಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಪೊಲೀಸ್ ಠಾಣೆ ಇದೆ, ಅಲ್ಲಿಗೆ ಹೋಗಲು ಆಗದಿದ್ದರೆ ನಿಮ್ಮ ತಾಲ್ಲೂಕಿನ ಠಾಣೆಯಲ್ಲೇ ದೂರು ಕೊಡಬಹುದು. 1930ರವರು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲ ಕಡೆ ಅದನ್ನೇ ಕೇಳುತ್ತಾರೆ. ಈಗಲೇ ಒಂದು ಪೆನ್ನು ತೆಗೆದುಕೊಂಡು ಹಾಲಿನ ಪಾಸ್‌ಪುಸ್ತಕದ ಹಿಂದಿನ ರಟ್ಟಿನ ಮೇಲೆ 1930 ಎಂದು ದೊಡ್ಡದಾಗಿ ಬರೆಯಿರಿ, ಅದರ ಕೆಳಗೆ ನಿಮ್ಮ ಬ್ಯಾಂಕ್ ಶಾಖೆಯ ನಂಬರನ್ನೂ ಬರೆಯಿರಿ.